ಪ್ಲಾಟಿನಮ್ ಹೆಕ್ಸಾಫ್ಲೋರೈಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಿ.ಯು.ಸಿ. ರಸಾಯನಶಾಸ್ತ್ರ ಓದಿದ ಬಹುತೇಕರು ಈ ಸಂಯುಕ್ತದ ಹೆಸರನ್ನು ಒಮ್ಮೆ ಕೇಳಿರುತ್ತಾರೆ. ಯಾವುದರೊಡನೆಯೂ ಸೇರದು ಎಂದು ಒಂದು ಕಾಲದಲ್ಲಿ ನಂಬಲಾಗಿದ್ದ ಜೆನಾನ್ ಅನಿಲದ ಪಾಠದ ಆರಂಭದಲ್ಲಿ, ಅದರ ಮೊದಲ ಸಂಯುಕ್ತ ತಯಾರಿಸಿದ ನೀಲ್ ಬಾರ್ಟ್ಲೆಟ್ ಅವರ ಹೆಸರಿನ ಜೊತೆಗೆ ಅದು ಎರಡು ಮೂರು ಸಾಲುಗಳಲ್ಲಿ ಬಂದು ಹೋಗುತ್ತದೆ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ತರಗತಿಯಲ್ಲಿ ಈ ಪಾಠವನ್ನು ಅನೇಕ ವರ್ಷ ಹೇಳಿಕೊಟ್ಟ ನನಗೆ, ಆ ಎರಡು ಮೂರು ಸಾಲುಗಳ ಹಿಂದೆ ಇರುವ ರಸಾಯನಶಾಸ್ತ್ರ ಇಡೀ ಅಧ್ಯಾಯಕ್ಕಿಂತ ದೊಡ್ಡದು ಎಂದು ಪ್ರತಿ ವರ್ಷವೂ ಅನ್ನಿಸಿದೆ. ವಿದ್ಯಾರ್ಥಿಗಳೂ ಓದುಗರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಎಂಥ ವಸ್ತು, ನೋಡಲು ಹೇಗಿರುತ್ತದೆ?

ಒಂದು ಪ್ಲಾಟಿನಮ್ ಪರಮಾಣುವಿನ ಸುತ್ತ ಆರು ಫ್ಲೋರಿನ್ ಪರಮಾಣುಗಳು ಬೆಸೆದುಕೊಂಡಿರುವ ಅಣು ಇದು. ಮೇಲೊಂದು, ಕೆಳಗೊಂದು, ನಡುವಿನ ಸಮತಲದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಎಂಬಂತೆ ಆರೂ ಫ್ಲೋರಿನ್‌ಗಳು ಸಮ ದೂರದಲ್ಲಿ ನಿಂತಿರುತ್ತವೆ. ಈ ಆಕೃತಿಯನ್ನು ಅಷ್ಟಮುಖಿ ಎನ್ನುತ್ತೇವೆ. ಪ್ಲಾಟಿನಮ್ ಮತ್ತು ಫ್ಲೋರಿನ್ ನಡುವಿನ ಬಂಧದ ಉದ್ದ ಸುಮಾರು 1.85 ಆಂಗ್‌ಸ್ಟ್ರಾಮ್. ಕೋಣೆಯ ಉಷ್ಣತೆಯಲ್ಲಿ ಇದು ಕಡುಗೆಂಪು ಬಣ್ಣದ ಘನವಸ್ತು. 61.3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, 69.1 ಡಿಗ್ರಿಯಲ್ಲಿ ಕುದಿಯುತ್ತದೆ. ಕರಗುವುದಕ್ಕೂ ಮೊದಲೇ ಅದು ಸಾಕಷ್ಟು ಆವಿಯಾಗುತ್ತಿರುತ್ತದೆ. ಆ ಆವಿಯೂ ಕೆಂಪಗಿದ್ದು, ಬ್ರೋಮಿನ್ ಆವಿಯನ್ನು ನೋಡಿದವರಿಗೆ ಅದರ ನೆನಪು ತರುವಂತಿರುತ್ತದೆ.

ಪ್ಲಾಟಿನಮ್ ಕರಗಲು 1768 ಡಿಗ್ರಿ ಬೇಕು. ಅದರ ಸಂಯುಕ್ತ 69 ಡಿಗ್ರಿಗೆ ಕುದಿಯುವುದು ಹೇಗೆ ಸಾಧ್ಯ?

ಲೋಹದ ತುಂಡಿನಲ್ಲಿ ಪ್ರತಿಯೊಂದು ಪ್ಲಾಟಿನಮ್ ಪರಮಾಣುವೂ ತನ್ನ ನೆರೆಹೊರೆಯ ಪರಮಾಣುಗಳೊಡನೆ ಬಲವಾಗಿ ಬಂಧಿತವಾಗಿರುತ್ತದೆ. ಆ ಬಂಧಗಳನ್ನು ಸಡಿಲಿಸಲು ಭಾರೀ ಶಾಖ ಬೇಕು. ಹೆಕ್ಸಾಫ್ಲೋರೈಡಿನಲ್ಲಿ ಪ್ಲಾಟಿನಮ್ ಒಂದು ಫ್ಲೋರಿನ್ ಹೊದಿಕೆಯ ಒಳಗೆ ಅಡಗಿ ಕುಳಿತಿರುತ್ತದೆ. ಒಂದು ಅಣು ಇನ್ನೊಂದು ಅಣುವನ್ನು ಮುಟ್ಟುವುದು ಈ ಫ್ಲೋರಿನ್‌ಗಳ ಮೂಲಕ ಮಾತ್ರ, ಮತ್ತು ಫ್ಲೋರಿನ್ ಹೊದಿಕೆಗಳ ನಡುವಿನ ಸೆಳೆತ ತೀರಾ ದುರ್ಬಲ. ಹೀಗಾಗಿ ಅಣುವಿನ ಒಳಗಿನ ಬಂಧಗಳು ಮುರಿಯದೆಯೇ ಅಣುಗಳು ಒಂದರಿಂದ ಒಂದು ಸುಲಭವಾಗಿ ಬಿಡಿಸಿಕೊಂಡು ಆವಿಯಾಗುತ್ತವೆ. ಒಂದು ಭಾರಲೋಹ ಅನಿಲವಾಗಿ ಹಾರುವುದು ವಿಚಿತ್ರವಾಗಿ ಕಂಡರೂ ಟಂಗ್‌ಸ್ಟನ್ ಮತ್ತು ಯುರೇನಿಯಂಗಳ ಹೆಕ್ಸಾಫ್ಲೋರೈಡುಗಳದ್ದೂ ಇದೇ ಕಥೆ.

ಟೂತ್‌ಪೇಸ್ಟಿನಲ್ಲಿ ಇರುವ ಫ್ಲೋರೈಡ್, ಕೊಳವೆಬಾವಿಯ ನೀರಿನ ಫ್ಲೋರೈಡ್, ಇದು – ಎಲ್ಲವೂ ಒಂದೇ ಅಲ್ಲವೇ?

ಹೆಸರು ಮಾತ್ರ ಒಂದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿ ನೀರಿನಲ್ಲಿ ಇರುವುದು ಫ್ಲೋರೈಡ್ ಅಯಾನು. ಅದು ತನಗೆ ಬೇಕಾದ ಎಲೆಕ್ಟ್ರಾನನ್ನು ಆಗಲೇ ಪಡೆದು ತೃಪ್ತವಾಗಿರುವ ಫ್ಲೋರಿನ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇರುವುದು, ಅದು ವರ್ಷಗಟ್ಟಲೆ ದೇಹ ಸೇರಿ ಹಲ್ಲನ್ನೂ ಮೂಳೆಯನ್ನೂ ಕೆಡಿಸುವುದರಿಂದ. ಅದು ಉರಿಯುವ, ಸಿಡಿಯುವ ವಸ್ತು ಎಂಬ ಕಾರಣಕ್ಕಲ್ಲ. ಪ್ಲಾಟಿನಮ್ ಹೆಕ್ಸಾಫ್ಲೋರೈಡಿನಲ್ಲಿ ಅಪಾಯದ ಮೂಲ ಬೇರೆಯೇ. ಅಲ್ಲಿ ಇಡೀ ಅಣು ಇನ್ನೂ ಒಂದು ಎಲೆಕ್ಟ್ರಾನಿಗಾಗಿ ಹಸಿದಿರುತ್ತದೆ, ಅದನ್ನು ಎದುರಿಗೆ ಬಂದ ವಸ್ತುವಿನಿಂದ ಕಿತ್ತುಕೊಳ್ಳುತ್ತದೆ.

ಇದನ್ನು ಮೊದಲು ತಯಾರಿಸಿದವರು ಯಾರು, ಹೇಗೆ?

ಅಮೆರಿಕದ ಶಿಕಾಗೋ ಸಮೀಪದ ಆರ್ಗಾನ್ (Argonne; ಅನಿಲದ ಹೆಸರಲ್ಲ) ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬರ್ನಾರ್ಡ್ ವೈನ್‌ಸ್ಟಾಕ್, ಹಾವರ್ಡ್ ಕ್ಲಾಸನ್ ಮತ್ತು ಜಾನ್ ಮಾಲ್ಮ್ 1957ರಲ್ಲಿ ಇದನ್ನು ತಯಾರಿಸಿ ವರದಿ ಮಾಡಿದರು. ವಿಧಾನವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಫ್ಲೋರಿನ್ ಅನಿಲ ತುಂಬಿದ ಪಾತ್ರೆಯೊಳಗೆ ಪ್ಲಾಟಿನಮ್ ತಂತಿಯನ್ನು ಇರಿಸಿ, ಅದರಲ್ಲಿ ವಿದ್ಯುತ್ ಹರಿಸಿ ಕಾಯಿಸುತ್ತಾರೆ. ಸಾವಿರಾರು ವರ್ಷ ಮಣ್ಣಿನಲ್ಲಿದ್ದರೂ ಮಾಸದ ಆ ಲೋಹ, ಫ್ಲೋರಿನ್ ನಡುವೆ ಹೊತ್ತಿಕೊಂಡು ಉರಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹುಟ್ಟಿದ ಅಣು ಬಿಸಿ ತಂತಿಯ ಪಕ್ಕದಲ್ಲೇ ಉಳಿದರೆ ಅದು ಫ್ಲೋರಿನ್ ಕಳೆದುಕೊಂಡು ಕೆಳಮಟ್ಟದ ಫ್ಲೋರೈಡ್ ಆಗಿಬಿಡುತ್ತದೆ. ಆದ್ದರಿಂದ ಉರಿಯುವ ತಂತಿಯ ಹತ್ತಿರದಲ್ಲೇ, ದ್ರವ ಸಾರಜನಕದಿಂದ ತಣ್ಣಗಾಗಿಸಿದ ಗೋಡೆಯನ್ನು ಇಟ್ಟಿರುತ್ತಾರೆ. ಅಣು ಹುಟ್ಟಿದ ಕ್ಷಣದಲ್ಲೇ ಆ ಗೋಡೆಗೆ ತಾಗಿ ಹೆಪ್ಪುಗಟ್ಟುತ್ತದೆ. ಸಾವಿರ ಡಿಗ್ರಿಯ ಆಸುಪಾಸಿನ ಬೆಂಕಿಯನ್ನೂ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯನ್ನೂ ಅಕ್ಕಪಕ್ಕದಲ್ಲಿ ಇರಿಸಿದ ಈ ಯೋಜನೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪ್ಲಾಟಿನಮ್ ಪೆಂಟಾಫ್ಲೋರೈಡನ್ನು ಕಾಯಿಸಿದರೆ ಅದು ತನ್ನೊಳಗೇ ಒಡೆದು ಟೆಟ್ರಾಫ್ಲೋರೈಡ್ ಮತ್ತು ಹೆಕ್ಸಾಫ್ಲೋರೈಡ್ ಎರಡನ್ನೂ ಕೊಡುತ್ತದೆ ಎಂಬುದು ಆಮೇಲೆ ತಿಳಿದ ಇನ್ನೊಂದು ದಾರಿ.

ಇದಕ್ಕೆ ಇಷ್ಟು ಉಗ್ರತೆ ಎಲ್ಲಿಂದ ಬಂತು?

ಪ್ಲಾಟಿನಮ್ ಸಾಮಾನ್ಯವಾಗಿ ತೋರಿಸುವ ಉತ್ಕರ್ಷಣ ಸ್ಥಿತಿಗಳು, ಅಂದರೆ ಲೆಕ್ಕದ ಪ್ರಕಾರ ಅದು ಕಳೆದುಕೊಂಡ ಎಲೆಕ್ಟ್ರಾನುಗಳ ಸಂಖ್ಯೆ, ಎರಡು ಮತ್ತು ನಾಲ್ಕು. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾದಲ್ಲಿ ಕರಗಿಸಿದಾಗಲೂ ಅದು ನಾಲ್ಕಕ್ಕೇ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಹೆಕ್ಸಾಫ್ಲೋರೈಡಿನಲ್ಲಿ ಅದನ್ನು ಆರರವರೆಗೆ ತಳ್ಳಲಾಗಿದೆ. ಹೊರಗವಚದಲ್ಲಿ ಹತ್ತು ಎಲೆಕ್ಟ್ರಾನುಗಳಿರಬೇಕಾದ ಪರಮಾಣುವಿನ ಬಳಿ, ಲೆಕ್ಕದ ಪ್ರಕಾರ, ನಾಲ್ಕೇ ಉಳಿದಿವೆ. ಇಷ್ಟು ದೂರ ತಳ್ಳುವ ಶಕ್ತಿ ಫ್ಲೋರಿನ್‌ಗೆ ಎರಡು ಕಾರಣಗಳಿಂದ ಬಂದಿದೆ: ಫ್ಲೋರಿನ್ ಅಣುವಿನ ಒಳಗಿನ ಬಂಧ ತೀರಾ ದುರ್ಬಲ, ಮೋಲ್‌ಗೆ 160 ಕಿಲೋಜೌಲ್‌ಗಿಂತ ಸ್ವಲ್ಪ ಕಡಿಮೆ ಖರ್ಚಿನಲ್ಲಿ ಮುರಿಯುತ್ತದೆ, ಮತ್ತು ಅದರ ಪರಮಾಣು ಚಿಕ್ಕದಾದ್ದರಿಂದ ಆರು ಪರಮಾಣುಗಳು ಇಕ್ಕಟ್ಟಿಲ್ಲದೆ ಲೋಹವನ್ನು ಸುತ್ತುವರಿದು ಗಟ್ಟಿಯಾದ ಬಂಧಗಳನ್ನು ಕಟ್ಟಬಲ್ಲವು. ಕ್ಲೋರಿನ್‌ಗೆ ಇದು ಆಗದ ಕೆಲಸ.

ಹೀಗೆ ಅತಿಯಾಗಿ ಎಳೆಯಲ್ಪಟ್ಟ ಪ್ಲಾಟಿನಮ್ ಕೇವಲ ಒಂದು ಎಲೆಕ್ಟ್ರಾನ್ ಸಿಕ್ಕರೆ ಆರರಿಂದ ಐದಕ್ಕೆ ಇಳಿದು ನೆಮ್ಮದಿಯಾಗುತ್ತದೆ. ಆರು ಫ್ಲೋರಿನ್‌ಗಳನ್ನೂ ಹಾಗೆಯೇ ಉಳಿಸಿಕೊಂಡು, ಹೆಕ್ಸಾಫ್ಲೋರೋಪ್ಲಾಟಿನೇಟ್ ಎಂಬ ಋಣ ಅಯಾನು ಆಗುತ್ತದೆ. ಒಂದು ಎಲೆಕ್ಟ್ರಾನನ್ನು ಸ್ವೀಕರಿಸಿದಾಗ ಹೊರಬರುವ ಶಕ್ತಿ ಸುಮಾರು 7 ಎಲೆಕ್ಟ್ರಾನ್ ವೋಲ್ಟ್. ಫ್ಲೋರಿನ್ ಪರಮಾಣುವಿಗೆ ಇದೇ ಅಳತೆ 3.4, ಕ್ಲೋರಿನ್ ಪರಮಾಣುವಿಗೆ 3.6. ಅಂದರೆ ಫ್ಲೋರಿನ್‌ನಿಂದ ಹುಟ್ಟಿದ ಈ ಅಣುವಿನ ಎಲೆಕ್ಟ್ರಾನ್ ಹಸಿವು ಫ್ಲೋರಿನ್ ಪರಮಾಣುವಿನದಕ್ಕಿಂತ ಇಮ್ಮಡಿಯಾಗಿದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಕ್ರಿಯೆಗಳು ಬಹುಮಟ್ಟಿಗೆ ತಾವಾಗಿಯೇ ಅರ್ಥವಾಗುತ್ತವೆ. ಬಾಯಿಪಾಠದ ಅಗತ್ಯ ಬೀಳುವುದಿಲ್ಲ.

ಇತರ ಲೋಹಗಳ ಹೆಕ್ಸಾಫ್ಲೋರೈಡುಗಳೂ ಹೀಗೆಯೇ ವರ್ತಿಸುತ್ತವೆಯೇ?

ಆವರ್ತ ಕೋಷ್ಟಕದಲ್ಲಿ ಟಂಗ್‌ಸ್ಟನ್, ರೀನಿಯಂ, ಆಸ್ಮಿಯಂ, ಇರಿಡಿಯಂ, ಪ್ಲಾಟಿನಮ್ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತಿವೆ, ಐದೂ ಹೆಕ್ಸಾಫ್ಲೋರೈಡ್ ಕೊಡುತ್ತವೆ. ಕುದಿಬಿಂದುಗಳು ಮೆಟ್ಟಿಲು ಹತ್ತಿದಂತೆ ಏರುತ್ತವೆ: ಟಂಗ್‌ಸ್ಟನ್‌ನದು ಸುಮಾರು 17 ಡಿಗ್ರಿ, ಆಮೇಲೆ 34, 47, 54, ಕೊನೆಗೆ ಪ್ಲಾಟಿನಮ್‌ನದು 69. ಟಂಗ್‌ಸ್ಟನ್ನಿನದಕ್ಕೆ ಬಣ್ಣವಿಲ್ಲ, ನಡುವಿನ ಮೂರೂ ಹಳದಿ ಬಣ್ಣದವು, ಪ್ಲಾಟಿನಮ್‌ನದು ಕಡುಗೆಂಪು.

ಉಗ್ರತೆಯೂ ಇದೇ ಕ್ರಮದಲ್ಲಿ ಏರುತ್ತದೆ. ಎಡದಿಂದ ಬಲಕ್ಕೆ ಹೋದಂತೆ ಪ್ರತಿ ಹೆಜ್ಜೆಗೂ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್ ಹೆಚ್ಚಾಗುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನು ಅದೇ ಕವಚಕ್ಕೆ ಸೇರುವುದರಿಂದ ಆ ಹೆಚ್ಚಿನ ಸೆಳೆತವನ್ನು ಪೂರ್ತಿ ಮರೆಮಾಡಲಾರದು. ಹಾಗಾಗಿ ಹೊರಗಿನ ಎಲೆಕ್ಟ್ರಾನಿಗೆ ಕಾಣುವ ಸೆಳೆತ ಹೆಜ್ಜೆ ಹೆಜ್ಜೆಗೂ ಬಲಗೊಳ್ಳುತ್ತದೆ. ಟಂಗ್‌ಸ್ಟನ್‌ಗೆ ಆರು ಎಂಬುದು ಸಹಜ ಸ್ಥಿತಿ. ಪ್ಲಾಟಿನಮ್‌ಗೆ ಅದು ಅಂಚು. ಆ ಅಂಚನ್ನು ದಾಟಿ ಮುಂದೆ ಇರುವ ಚಿನ್ನದ ಹೆಕ್ಸಾಫ್ಲೋರೈಡನ್ನು ಹೀಗೆ ಬಾಟಲಿಯಲ್ಲಿ ಹಿಡಿದಿಡುವುದು ಆಗಿಲ್ಲ. ಚಿನ್ನ ಐದರ ಸ್ಥಿತಿಯವರೆಗೆ ಬಂದು ನಿಲ್ಲುತ್ತದೆ.

ಗಾಜಿನ ಪಾತ್ರೆಯಲ್ಲಿ ಇದನ್ನು ಇಡಬಹುದೇ?

ಇಡಲು ತಕ್ಕದ್ದಲ್ಲ. ಆದರೆ ಈ ಸಂಯುಕ್ತದ ದೊಡ್ಡ ಕಥೆ ಆರಂಭವಾದದ್ದೇ ಗಾಜಿನಿಂದ ಆದ್ದರಿಂದ ಸ್ವಲ್ಪ ವಿವರಿಸಬೇಕು. ಗಾಜಿನ ಮುಖ್ಯ ಭಾಗ ಸಿಲಿಕಾನ್ ಮತ್ತು ಆಮ್ಲಜನಕ. ಒಳಗೋಡೆಗೆ ಅಂಟಿಕೊಂಡ ಅತ್ಯಲ್ಪ ತೇವ ಸಾಕು, ಹೆಕ್ಸಾಫ್ಲೋರೈಡ್ ಅದರೊಡನೆ ವರ್ತಿಸಿ ಹೈಡ್ರೋಜನ್ ಫ್ಲೋರೈಡನ್ನು ಹುಟ್ಟಿಸುತ್ತದೆ. ಹೈಡ್ರೋಜನ್ ಫ್ಲೋರೈಡ್ ಗಾಜನ್ನು ತಿಂದು ಸಿಲಿಕಾನ್ ಟೆಟ್ರಾಫ್ಲೋರೈಡನ್ನೂ ನೀರನ್ನೂ ಕೊಡುತ್ತದೆ. ಆ ನೀರು ಮತ್ತೆ ಹೆಕ್ಸಾಫ್ಲೋರೈಡಿಗೆ ಸಿಕ್ಕಿ ಇನ್ನಷ್ಟು ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಹೀಗೆ ಸರಪಳಿ ಸಾಗುತ್ತದೆ, ದಾರಿಯಲ್ಲಿ ಆಮ್ಲಜನಕ ಬಿಡುಗಡೆಯಾಗುತ್ತದೆ. ಚೆನ್ನಾಗಿ ಒಣಗಿಸಿದ ಗಾಜಿನಲ್ಲೋ ಕ್ವಾರ್ಟ್ಸ್‌ನಲ್ಲೋ ಸ್ವಲ್ಪ ಹೊತ್ತು ಕೆಲಸ ಮಾಡಬಹುದು. ಕೂಡಿಡುವುದಾದರೆ ನಿಕ್ಕೆಲ್ ಅಥವಾ ಮೋನೆಲ್ (ನಿಕ್ಕೆಲ್ ಮತ್ತು ತಾಮ್ರದ ಮಿಶ್ರಲೋಹ) ಪಾತ್ರೆ ಬೇಕು. ಅದಕ್ಕೂ ಮೊದಲೇ ಫ್ಲೋರಿನ್ ಹಾಯಿಸಿ, ಒಳಮೈಗೆ ಫ್ಲೋರೈಡಿನ ತೆಳು ಪದರ ಕಟ್ಟುವಂತೆ ಮಾಡಿರಬೇಕು.

ಆಮ್ಲಜನಕದಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡಿತು ಎನ್ನುತ್ತಾರೆ. ಅದು ಹೇಗೆ?

ನೀಲ್ ಬಾರ್ಟ್ಲೆಟ್ 1932ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹುಟ್ಟಿದವರು. 1958ರಿಂದ ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಪ್ಲಾಟಿನಮ್ ಲವಣಗಳ ಮೇಲೆ ಗಾಜಿನ ಕೊಳವೆಯಲ್ಲಿ ಫ್ಲೋರಿನ್ ಹಾಯಿಸಿ ಕಾಯಿಸುವಾಗ ಕೆಂಪು–ಕಿತ್ತಳೆ ಬಣ್ಣದ ಒಂದು ಘನವಸ್ತು ಆವಿಯಾಗಿ ಮುಂದೆ ಹೋಗಿ, ಕೊಳವೆಯ ತಣ್ಣನೆಯ ಭಾಗದಲ್ಲಿ ಕೂತುಕೊಳ್ಳುತ್ತಿತ್ತು. ಮೊದಲು ಅದನ್ನು ಆಮ್ಲಜನಕ ಸೇರಿದ ಪ್ಲಾಟಿನಮ್ ಫ್ಲೋರೈಡ್ ಎಂದು ಭಾವಿಸಲಾಗಿತ್ತು. ಇಂಥ ಕಲಬೆರಕೆ ವಸ್ತುವನ್ನು ತೊಳೆದು ಚೆಲ್ಲಿ ಮುಂದಿನ ಪ್ರಯೋಗಕ್ಕೆ ಹೋಗುವುದೇ ಸಾಮಾನ್ಯ. ಬಾರ್ಟ್ಲೆಟ್ ಮತ್ತು ಅವರ ವಿದ್ಯಾರ್ಥಿ ಡೆರೆಕ್ ಲೋಮನ್ ಬಿಡಲಿಲ್ಲ. ಅದನ್ನು ಶುದ್ಧಗೊಳಿಸಿದರು, ವಿಶ್ಲೇಷಿಸಿದರು, ಎಕ್ಸ್–ಕಿರಣದ ಚಿತ್ರ ತೆಗೆದರು.

ಅಂಕಿಗಳು ಹೇಳಿದ್ದು ನಂಬಲು ಕಷ್ಟವಾದ ಮಾತನ್ನು: ಒಂದು ಪ್ಲಾಟಿನಮ್‌ಗೆ ಆರು ಫ್ಲೋರಿನ್, ಎರಡು ಆಮ್ಲಜನಕ. ಹರಳಿನ ರಚನೆ ಅಯಾನುಗಳಿಂದ ಕಟ್ಟಿದ ಲವಣದಂತೆ ಇತ್ತು. ಋಣ ಅಯಾನು ಹೆಕ್ಸಾಫ್ಲೋರೋಪ್ಲಾಟಿನೇಟ್ ಆಗಿದ್ದರೆ ಧನ ಅಯಾನು ಆಮ್ಲಜನಕದ ಅಣುವೇ ಆಗಿರಬೇಕು. ಜಗತ್ತಿನ ಎಲ್ಲ ವಸ್ತುಗಳಿಂದ ಎಲೆಕ್ಟ್ರಾನ್ ಪಡೆದು ತುಕ್ಕು ಹಿಡಿಸುವ, ಉರಿಸುವ, ಉಸಿರಾಟ ನಡೆಸುವ ಆಮ್ಲಜನಕ ಇಲ್ಲಿ ತಾನೇ ಎಲೆಕ್ಟ್ರಾನ್ ಕಳೆದುಕೊಂಡಿತ್ತು. ಉತ್ಕರ್ಷಣ ಎಂಬ ಪದವನ್ನು ನಾವು ಆಮ್ಲಜನಕದಿಂದಲೇ ಕಲಿತವರು. ಆಮ್ಲಜನಕವೇ ಉತ್ಕರ್ಷಣಕ್ಕೆ ಒಳಗಾಯಿತು ಎಂದು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸಂಶಯ ಪರಿಹಾರಕ್ಕೆ ಬಾರ್ಟ್ಲೆಟ್ ನೇರ ದಾರಿ ಹಿಡಿದರು. ಪ್ಲಾಟಿನಮ್ ಹೆಕ್ಸಾಫ್ಲೋರೈಡ್ ಆವಿಗೆ ಕೋಣೆಯ ಉಷ್ಣತೆಯಲ್ಲೇ ಆಮ್ಲಜನಕವನ್ನು ಸೇರಿಸಿದಾಗ ಅದೇ ಲವಣ ಬಂತು. ಎಲೆಕ್ಟ್ರಾನ್ ಕಳೆದುಕೊಂಡ ಈ ಆಮ್ಲಜನಕದ ಅಣುವನ್ನು ಡೈಆಕ್ಸಿಜನೈಲ್ ಅಯಾನು ಎನ್ನುತ್ತಾರೆ; ಅದು ಇರುವ ಲವಣವೊಂದು ಮೊದಲು ಸಿಕ್ಕಿದ್ದು ಹೀಗೆ. ಬಂಧದ ಲೆಕ್ಕವೂ ತಾಳೆಯಾಗುತ್ತದೆ: ಕಳೆದುಹೋದ ಎಲೆಕ್ಟ್ರಾನು ಬಂಧವನ್ನು ದುರ್ಬಲಗೊಳಿಸುವ ಕಕ್ಷಕದಲ್ಲಿ ಇದ್ದದ್ದರಿಂದ, ಅದು ಹೋದ ಮೇಲೆ ಬಂಧ ಇನ್ನೂ ಗಟ್ಟಿಯಾಗಿ, ಎರಡು ಆಮ್ಲಜನಕಗಳ ನಡುವಿನ ದೂರ 1.21ರಿಂದ ಸುಮಾರು 1.12 ಆಂಗ್‌ಸ್ಟ್ರಾಮ್‌ಗೆ ಇಳಿಯುತ್ತದೆ.

ಇಲ್ಲಿಂದ ಜೆನಾನ್ ಕಡೆಗೆ ಯೋಚನೆ ಹೊರಳಿದ್ದು ಹೇಗೆ?

ಪಾಠದ ತಯಾರಿಗಾಗಿ ಬಾರ್ಟ್ಲೆಟ್ ಧಾತುಗಳ ಅಯಾನೀಕರಣ ಶಕ್ತಿಯ ನಕ್ಷೆಯನ್ನು ನೋಡುತ್ತಿದ್ದಾಗ ಜೆನಾನ್‌ನ ಬೆಲೆ ಕಣ್ಣಿಗೆ ಬಿತ್ತು. ಜೆನಾನ್ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ತೆಗೆಯಲು 12.13 ಎಲೆಕ್ಟ್ರಾನ್ ವೋಲ್ಟ್ ಬೇಕು. ಆಮ್ಲಜನಕದ ಅಣುವಿಗೆ ಆಗ ಒಪ್ಪಿದ್ದ ಬೆಲೆ 12.2. ಎರಡೂ ಬಹುತೇಕ ಒಂದೇ. ಆಮ್ಲಜನಕ ಬಗ್ಗಿದರೆ ಜೆನಾನ್ ಏಕೆ ಬಗ್ಗಬಾರದು?

ಆದರೆ ಎಲೆಕ್ಟ್ರಾನ್ ತೆಗೆಯುವುದು ಖರ್ಚಿನ ಒಂದು ಭಾಗ ಮಾತ್ರ. ಹನ್ನೆರಡು ಎಲೆಕ್ಟ್ರಾನ್ ವೋಲ್ಟ್ ಖರ್ಚು ಮಾಡಿ ಏಳು ವಾಪಸು ಪಡೆದರೆ ಸುಮಾರು ಐದರ ನಷ್ಟ ಉಳಿಯುತ್ತದೆ. ಅದನ್ನು ತುಂಬಿಕೊಡುವುದು ಧನ ಮತ್ತು ಋಣ ಅಯಾನುಗಳು ಹರಳಿನಲ್ಲಿ ಒತ್ತಾಗಿ ಜೋಡಿಸಿಕೊಂಡಾಗ ಬಿಡುಗಡೆಯಾಗುವ ಜಾಲಕ ಶಕ್ತಿ. ಬಾರ್ಟ್ಲೆಟ್ ಕಪುಸ್ಟಿನ್ಸ್ಕಿ ಸಮೀಕರಣದಿಂದ ಲೆಕ್ಕ ಹಾಕಿದಾಗ, ಜೆನಾನ್ ಲವಣದ ಜಾಲಕ ಶಕ್ತಿ ಮೋಲ್‌ಗೆ ಸುಮಾರು 460 ಕಿಲೋಜೌಲ್ ಬಂತು, ಆಮ್ಲಜನಕದ ಲವಣಕ್ಕಿಂತ 40ರಷ್ಟೇ ಕಡಿಮೆ. ಜಮಾ ಖರ್ಚು ಸರಿಹೋಗುವ ಸಾಧ್ಯತೆ ಇತ್ತು.

1962ರ ಮಾರ್ಚ್ 23, ಶುಕ್ರವಾರ ಸಂಜೆ. ವಿದ್ಯಾರ್ಥಿಗಳು ಊಟಕ್ಕೆ ಹೋಗಿದ್ದರು, ಬಾರ್ಟ್ಲೆಟ್ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ಉಪಕರಣದ ಒಂದು ಕಡೆ ಪ್ಲಾಟಿನಮ್ ಹೆಕ್ಸಾಫ್ಲೋರೈಡಿನ ಕೆಂಪು ಆವಿ, ಇನ್ನೊಂದು ಕಡೆ ಬಣ್ಣವಿಲ್ಲದ ಜೆನಾನ್, ನಡುವೆ ತೆಳು ಗಾಜಿನ ತಡೆ. ತಡೆಯನ್ನು ಒಡೆದ ಕೂಡಲೇ, ಕಾಯಿಸದೆ, ಒತ್ತಡ ಹೇರದೆ, ಎರಡು ಅನಿಲಗಳು ಸೇರಿದಲ್ಲಿ ಹಳದಿ–ಕಿತ್ತಳೆ ಬಣ್ಣದ ಘನವಸ್ತು ಇಳಿದು ಕೂತಿತು. ಬಾರ್ಟ್ಲೆಟ್ ತೋರಿಸಲು ಯಾರಾದರೂ ಸಿಗುತ್ತಾರೇನೋ ಎಂದು ಹೊರಗೆ ಓಡಿದರು. ಕಟ್ಟಡದಲ್ಲಿ ಯಾರೂ ಇರಲಿಲ್ಲ. 1898ರಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಕಂಡುಹಿಡಿದಂದಿನಿಂದ ಅರವತ್ತನಾಲ್ಕು ವರ್ಷ ಯಾವುದರೊಡನೆಯೂ ಸೇರದೆ ಉಳಿದಿದ್ದ, ಗಾಳಿಯ ಒಂದು ಕೋಟಿ ಭಾಗದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರುವ ಆ ಅನಿಲ ಸಂಯುಕ್ತವಾಗಿ ಕಣ್ಣೆದುರು ಇತ್ತು. ಅದೇ ವರ್ಷ ಜೂನ್‌ನಲ್ಲಿ ಚುಟುಕಾದ ಟಿಪ್ಪಣಿಯಾಗಿ ಈ ಫಲಿತಾಂಶ ಪ್ರಕಟವಾಯಿತು.

ಪಠ್ಯಪುಸ್ತಕದಲ್ಲಿ ಆಮ್ಲಜನಕದ ಅಯಾನೀಕರಣ ಶಕ್ತಿ 1175 ಎಂದಿದೆ, ಬೇರೆ ಕಡೆ 1165 ಎಂದಿದೆ. ಯಾವುದು ಸರಿ?

ಇದು ಗಮನವಿಟ್ಟು ಓದುವ ವಿದ್ಯಾರ್ಥಿ ಕೇಳುವ ಪ್ರಶ್ನೆ, ಹಾಗಾಗಿ ನನಗೆ ಪ್ರಿಯವಾದದ್ದು. ಬಾರ್ಟ್ಲೆಟ್ ಕಾಲದಲ್ಲಿ ಬಳಕೆಯಲ್ಲಿದ್ದ 12.2 ಎಲೆಕ್ಟ್ರಾನ್ ವೋಲ್ಟ್ ಎಂಬ ಬೆಲೆಯನ್ನು ಮೋಲ್ ಲೆಕ್ಕಕ್ಕೆ ತಂದರೆ 1175ರ ಆಸುಪಾಸು ಬರುತ್ತದೆ. ಇಂದಿನ ನಿಖರ ಮಾಪನ 12.07; ಅದು 1165 ಕಿಲೋಜೌಲ್. ಜೆನಾನ್‌ನದು 1170. ಅಂದರೆ ಅಂದಿನ ಅಂಕಿಯ ಪ್ರಕಾರ ಜೆನಾನ್ ಆಮ್ಲಜನಕಕ್ಕಿಂತ ಕೂದಲೆಳೆಯಷ್ಟು ಸುಲಭ, ಇಂದಿನ ಅಂಕಿಯ ಪ್ರಕಾರ ಕೂದಲೆಳೆಯಷ್ಟು ಕಷ್ಟ. ವ್ಯತ್ಯಾಸ ತೀರಾ ಸಣ್ಣದಾದ್ದರಿಂದ ತರ್ಕ ಎರಡೂ ಸಂದರ್ಭದಲ್ಲಿ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಅಂಕಿಯನ್ನೇ ಬರೆಯಿರಿ; ತಿಳಿವಳಿಕೆಗೆ 1165 ಇಟ್ಟುಕೊಳ್ಳಿ.

ಬಂದ ಹಳದಿ ವಸ್ತುವಿನ ನಿಜವಾದ ಸಂಯೋಜನೆ ಏನು?

ಬಾರ್ಟ್ಲೆಟ್ ಮೊದಲ ಟಿಪ್ಪಣಿಯಲ್ಲಿ ಅದನ್ನು ಜೆನಾನ್ ಹೆಕ್ಸಾಫ್ಲೋರೋಪ್ಲಾಟಿನೇಟ್, ಅಂದರೆ ಒಂದು ಜೆನಾನ್ ಧನ ಅಯಾನು ಮತ್ತು ಒಂದು ಪ್ಲಾಟಿನೇಟ್ ಋಣ ಅಯಾನು ಇರುವ ಸರಳ ಲವಣ ಎಂದು ಬರೆದರು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದೇ ಇದೆ. ವಾಸ್ತವ ಅದಕ್ಕಿಂತ ತೊಡಕಿನದು. ಎಲೆಕ್ಟ್ರಾನ್ ಕಳೆದುಕೊಂಡ ಜೆನಾನ್ ತಾನೇ ಒಂದು ಉಗ್ರ ಅಯಾನು, ಅದು ಪಕ್ಕದ ಇನ್ನೊಂದು ಹೆಕ್ಸಾಫ್ಲೋರೈಡ್ ಅಣುವಿನಿಂದ ಫ್ಲೋರಿನನ್ನು ಪಡೆದು ಜೆನಾನ್ ಫ್ಲೋರೈಡ್ ಧನ ಅಯಾನು ಆಗುತ್ತದೆ. ಫ್ಲೋರಿನ್ ಬಿಟ್ಟುಕೊಟ್ಟದ್ದು ಪೆಂಟಾಫ್ಲೋರೈಡ್ ಆಗಿ ಉಳಿಯುತ್ತದೆ, ಅಥವಾ ಇನ್ನೊಂದು ಪ್ಲಾಟಿನೇಟಿನ ಜೊತೆ ಸೇರಿ ಎರಡು ಪ್ಲಾಟಿನಮ್ ಇರುವ ದೊಡ್ಡ ಋಣ ಅಯಾನು ಆಗುತ್ತದೆ. ಹೀಗಾಗಿ ಕೈಗೆ ಸಿಗುವುದು ಒಂದೇ ವಸ್ತುವಲ್ಲ, ಮಿಶ್ರಣ. ಈ ಪ್ರಶ್ನೆಗೆ ಬಾರ್ಟ್ಲೆಟ್ ಮತ್ತೆ ಮತ್ತೆ ಮರಳಿದರು. 2000ದಲ್ಲಿ, ಮೊದಲ ಪ್ರಯೋಗದ ಮೂವತ್ತೆಂಟು ವರ್ಷಗಳ ಬಳಿಕ, ಸಹೋದ್ಯೋಗಿಗಳೊಡನೆ ಇದೇ ವಸ್ತುವಿನ ಸ್ವರೂಪದ ಬಗ್ಗೆ ವಿವರವಾದ ಲೇಖನ ಬರೆದರು. ತನ್ನನ್ನು ಪ್ರಸಿದ್ಧಗೊಳಿಸಿದ ಸೂತ್ರವನ್ನು ತಾನೇ ಪರೀಕ್ಷೆಗೆ ಒಡ್ಡಿದ ಈ ನಡತೆಯನ್ನು ನಾನು ಆ ಸಂಜೆಯ ಪ್ರಯೋಗದಷ್ಟೇ ಗೌರವಿಸುತ್ತೇನೆ.

ಇಂಥ ಅನಿಲಗಳಿಂದ ಸಂಯುಕ್ತ ಪಡೆಯಲು ಇದಕ್ಕೂ ಮೊದಲು ಯಾರೂ ಪ್ರಯತ್ನಿಸಿರಲಿಲ್ಲವೇ?

ಪ್ರಯತ್ನಿಸಿದ್ದರು. ಫ್ಲೋರಿನನ್ನು ಮೊದಲು ಬೇರ್ಪಡಿಸಿದ ಆಂರಿ ಮೊಯ್ಸಾನ್, ರ‍್ಯಾಮ್ಸೆ ಕಳಿಸಿಕೊಟ್ಟ ಆರ್ಗಾನ್ ಅನಿಲವನ್ನು 1895ರಲ್ಲೇ ಫ್ಲೋರಿನ್ ಜೊತೆ ಸೇರಿಸಿ ನೋಡಿದರು, ಏನೂ ಆಗಲಿಲ್ಲ. 1933ರಲ್ಲಿ ಲೈನಸ್ ಪೌಲಿಂಗ್ ಜೆನಾನ್ ಹೆಕ್ಸಾಫ್ಲೋರೈಡ್ ಇರಲು ಸಾಧ್ಯ ಎಂದು ಬರೆದರು. ಅವರ ಸಂಸ್ಥೆಯಲ್ಲೇ ಡಾನ್ ಯೋಸ್ಟ್ ಮತ್ತು ಆಲ್ಬರ್ಟ್ ಕೇ ವಿದ್ಯುತ್ ವಿಸರ್ಜನೆಯ ಮೂಲಕ ಪ್ರಯತ್ನಿಸಿದರು; ಸಂಯುಕ್ತ ಸಿಗಲಿಲ್ಲ. ಆ ಸೋಲಿನ ನಂತರ ಸುಮಾರು ಮೂವತ್ತು ವರ್ಷ ವಿಷಯ ತಣ್ಣಗಾಯಿತು.

ಬಾರ್ಟ್ಲೆಟ್ ಸುದ್ದಿ ಹೊರಬಿದ್ದ ಕೆಲವೇ ತಿಂಗಳುಗಳಲ್ಲಿ, ಹೆಕ್ಸಾಫ್ಲೋರೈಡನ್ನು ಮೊದಲು ತಯಾರಿಸಿದ ಶಿಕಾಗೋ ಸಮೀಪದ ಅದೇ ಪ್ರಯೋಗಾಲಯದಲ್ಲಿ ಜೆನಾನ್ ಮತ್ತು ಫ್ಲೋರಿನನ್ನು ನಿಕ್ಕೆಲ್ ಪಾತ್ರೆಯಲ್ಲಿ 400 ಡಿಗ್ರಿಗೆ ಒಂದು ಗಂಟೆ ಕಾಯಿಸಿ ಜೆನಾನ್ ಟೆಟ್ರಾಫ್ಲೋರೈಡಿನ ಹರಳುಗಳನ್ನು ಪಡೆದರು. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ರುಡಾಲ್ಫ್ ಹೊಪ್ಪೆ ಅದೇ ವರ್ಷ ಜೆನಾನ್ ಡೈಫ್ಲೋರೈಡ್ ತಯಾರಿಸಿದರು. ಅಷ್ಟು ಸರಳವಾಗಿತ್ತು. ಜೆನಾನ್ ಫ್ಲೋರೈಡ್ ಮಾಡಲು ಪ್ಲಾಟಿನಮ್ ಬೇಕೇ ಇರಲಿಲ್ಲ. ಆದರೆ ಆ ಬಾಗಿಲು ಮುಚ್ಚಿಲ್ಲ ಎಂದು ತೋರಿಸಲು ಪ್ಲಾಟಿನಮ್ ಹೆಕ್ಸಾಫ್ಲೋರೈಡ್ ಬೇಕಾಯಿತು.

ಕ್ರಿಪ್ಟಾನ್ ಮತ್ತು ಆರ್ಗಾನ್ ಇದಕ್ಕೆ ಬಗ್ಗುವುದಿಲ್ಲವೇ?

ಇಲ್ಲ. ಕ್ರಿಪ್ಟಾನ್‌ನ ಅಯಾನೀಕರಣ ಶಕ್ತಿ 14.0 ಎಲೆಕ್ಟ್ರಾನ್ ವೋಲ್ಟ್, ಆರ್ಗಾನ್‌ನದು 15.8. ಜೆನಾನ್‌ನಲ್ಲಿ ಕಷ್ಟಪಟ್ಟು ಸರಿಹೋದ ಜಮಾ ಖರ್ಚು ಇಲ್ಲಿ ಕೈಕೊಡುತ್ತದೆ.

ಬೇರೆ ಯಾವ ಕ್ರಿಯೆಗಳು ಗಮನಾರ್ಹ?

ನೈಟ್ರಿಕ್ ಆಕ್ಸೈಡ್ ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಟ್ಟು ನೈಟ್ರೋಸೋನಿಯಂ ಲವಣ ಕೊಡುತ್ತದೆ. ಅದರ ಅಯಾನೀಕರಣ ಶಕ್ತಿ 9.3 ಮಾತ್ರ. ಇದಕ್ಕಿಂತ ಸ್ವಾರಸ್ಯಕರವಾದದ್ದು ಕ್ಲೋರಿನ್ ಪೆಂಟಾಫ್ಲೋರೈಡಿನ ಜೊತೆಗಿನ ಕ್ರಿಯೆ. ಅದು ತಾನೇ ಬಲವಾದ ಫ್ಲೋರಿನೀಕಾರಕ. ಅದನ್ನೂ ಮೀರಿ ಉತ್ಕರ್ಷಿಸಿ, ಕ್ಲೋರಿನ್‌ನ ಸುತ್ತ ಆರು ಫ್ಲೋರಿನ್ ಇರುವ ಧನ ಅಯಾನನ್ನು 1972ರಲ್ಲಿ ಪ್ಲಾಟಿನಮ್ ಹೆಕ್ಸಾಫ್ಲೋರೈಡಿನಿಂದ ಪಡೆದರು. ನೀರಿನೊಡನೆ ಕ್ರಿಯೆ ರಭಸದ್ದು. ಟಂಗ್‌ಸ್ಟನ್ ಹೆಕ್ಸಾಫ್ಲೋರೈಡ್ ನೀರು ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಕೊಟ್ಟು ಸುಮ್ಮನಾಗುತ್ತದೆ, ಪ್ಲಾಟಿನಮ್‌ನದು ಜೊತೆಗೆ ನೀರಿನ ಆಮ್ಲಜನಕವನ್ನೂ ಅನಿಲವಾಗಿ ಹೊರಗೆಡಹುತ್ತದೆ.

ಇದರ ಅಪಾಯ ಎಂಥದು?

ಗಾಳಿಯ ತೇವಕ್ಕೆ ತಾಗಿದಲ್ಲೆಲ್ಲ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ ಎಂಬುದೇ ಮೊದಲ ಅಪಾಯ. ಅದು ಚರ್ಮವನ್ನು ಸುಡುವುದಷ್ಟೇ ಅಲ್ಲ, ಒಳಗಿಳಿದು ರಕ್ತದ ಮತ್ತು ಮೂಳೆಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನೋವು ಕೆಲವೊಮ್ಮೆ ತಡವಾಗಿ ಶುರುವಾಗುತ್ತದೆ, ಹೃದಯದ ಬಡಿತವೇ ಏರುಪೇರಾಗಬಹುದು. ಫ್ಲೋರಿನ್ ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮನ್ನು ಕೈಗೆಟುಕುವಲ್ಲಿ ಇಟ್ಟಿರುವುದು ಇದಕ್ಕಾಗಿ. ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ಗಾಯ ಸಣ್ಣದು ಎನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಸಂಯುಕ್ತವನ್ನಾಗಲಿ ಫ್ಲೋರಿನ್ ಅನಿಲವನ್ನಾಗಲಿ ಪ್ರಯತ್ನಿಸುವ ಮಾತೇ ಬೇಡ.

ಇನ್ನೊಂದು ಘಟನೆಯನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. 1963ರ ಜನವರಿಯಲ್ಲಿ ಬಾರ್ಟ್ಲೆಟ್ ಮತ್ತು ಅವರ ವಿದ್ಯಾರ್ಥಿ ಪಿ. ಆರ್. ರಾವ್ ಹೊಸದೊಂದು ಜೆನಾನ್ ಸಂಯುಕ್ತದ ಹರಳನ್ನು ಹತ್ತಿರದಿಂದ ನೋಡಲು ಕನ್ನಡಕ ತೆಗೆದರು. ಆ ಕ್ಷಣದಲ್ಲೇ ಅದು ಸಿಡಿಯಿತು. ಇಬ್ಬರೂ ಸುಮಾರು ನಾಲ್ಕು ವಾರ ಆಸ್ಪತ್ರೆಯಲ್ಲಿದ್ದರು. ಬಾರ್ಟ್ಲೆಟ್ ಕಣ್ಣಿನಿಂದ ಗಾಜಿನ ಕೊನೆಯ ಚೂರನ್ನು ತೆಗೆದದ್ದು ಇಪ್ಪತ್ತೇಳು ವರ್ಷಗಳ ನಂತರ. ಸುರಕ್ಷಾ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಓಡಾಡುವ ಹುಡುಗರಿಗೆ ಇದಕ್ಕಿಂತ ಬೇರೆ ಮಾತು ಹೇಳಬೇಕಿಲ್ಲ.

ಕಾರ್ಖಾನೆಯಲ್ಲಿ ಇದರ ಉಪಯೋಗವಿದೆಯೇ?

ಇಲ್ಲ. ಚಿಪ್ ತಯಾರಿಕೆಯಲ್ಲಿ ಟಂಗ್‌ಸ್ಟನ್ ಪದರ ಹಚ್ಚಲು ಟಂಗ್‌ಸ್ಟನ್ ಹೆಕ್ಸಾಫ್ಲೋರೈಡ್ ಬಳಸುತ್ತಾರೆ. ಪ್ಲಾಟಿನಮ್‌ನದು ಸಂಶೋಧಕರ ಕೈಯಲ್ಲಷ್ಟೇ ಉಳಿದಿದೆ.

ಜಗತ್ತಿನ ಅತಿ ಬಲಿಷ್ಠ ಉತ್ಕರ್ಷಣಕಾರಿ ಇದೇ ಎನ್ನಬಹುದೇ?

ಬಹಳ ಕಾಲ ಹಾಗೆ ಹೇಳಲಾಗುತ್ತಿತ್ತು, ಈಗ ಹೇಳಲಾಗದು. ಕ್ರಿಪ್ಟಾನ್ ಡೈಫ್ಲೋರೈಡ್ ಚಿನ್ನವನ್ನು ಐದರ ಸ್ಥಿತಿಗೆ ಒಯ್ಯಬಲ್ಲದು. 1990ರ ದಶಕದಲ್ಲಿ ಬಾರ್ಟ್ಲೆಟ್ ಗುಂಪು, ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದು, ಸ್ಲೊವೇನಿಯಾದ ಬೋರಿಸ್ ಝೆಮ್ವಾ ಮೊದಲಾದವರ ಜೊತೆ ಸೇರಿ, ನೀರಿಲ್ಲದ ಹೈಡ್ರೋಜನ್ ಫ್ಲೋರೈಡಿನಲ್ಲಿ ಕರಗಿಸಿದ ಮೂರರ ಸ್ಥಿತಿಯ ಬೆಳ್ಳಿಯ ಧನ ಅಯಾನು ಹೆಕ್ಸಾಫ್ಲೋರೋಪ್ಲಾಟಿನೇಟಿನಿಂದ ಎಲೆಕ್ಟ್ರಾನನ್ನು ವಾಪಸು ಕಿತ್ತುಕೊಂಡು ಪ್ಲಾಟಿನಮ್ ಹೆಕ್ಸಾಫ್ಲೋರೈಡನ್ನು ಮರಳಿ ಕೊಡುತ್ತದೆ ಎಂದು ತೋರಿಸಿತು. ಆಮ್ಲಜನಕದಿಂದ ಎಲೆಕ್ಟ್ರಾನ್ ಪಡೆದದ್ದರಿಂದಲೂ ಎಲೆಕ್ಟ್ರಾನ್ ಪಡೆಯಬಲ್ಲದ್ದೊಂದು ಇದೆ ಎಂದಾಯಿತು.

ಹಾಗಾದರೆ ಜೆನಾನ್ ಗುಂಪಿನ ಅನಿಲಗಳಿಗೆ ಕನ್ನಡದಲ್ಲಿ ಬಳಸುವ ಜಡಾನಿಲ ಎಂಬ ಪದವನ್ನು ಬಿಡಬೇಕೇ?

ಹೀಲಿಯಂ ಮತ್ತು ನಿಯಾನ್ ವಿಷಯದಲ್ಲಿ ಆ ಪದ ಇಂದಿಗೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆರ್ಗಾನ್ 2000ದಲ್ಲಿ ಹೆಲ್ಸಿಂಕಿಯ ಪ್ರಯೋಗಾಲಯದಲ್ಲಿ, ಹೆಪ್ಪುಗಟ್ಟಿದ ಆರ್ಗಾನ್‌ನ ನಡುವೆಯೇ, ಕಡುಚಳಿಯಲ್ಲಿ ಮಾತ್ರ ಉಳಿಯುವ ಆರ್ಗಾನ್ ಫ್ಲೋರೋಹೈಡ್ರೈಡ್ ಎಂಬ ಸಂಯುಕ್ತ ಕೊಟ್ಟಿದೆ. ಕ್ರಿಪ್ಟಾನ್, ಜೆನಾನ್, ರೇಡಾನ್‌ಗಳಿಗೆ ಜಡ ಎಂಬ ವಿಶೇಷಣ ತಪ್ಪು. ಹಾಗಾಗಿ ಗುಂಪಿಗೆ ಶ್ರೇಷ್ಠ ಅನಿಲ ಎಂಬ ಹೆಸರನ್ನೇ ನಾನು ಬಳಸುತ್ತೇನೆ. ಚಿನ್ನ, ಪ್ಲಾಟಿನಮ್‌ಗಳನ್ನು ಶ್ರೇಷ್ಠ ಲೋಹ ಎಂದು ಕರೆಯುವುದೂ ಇದೇ ಅರ್ಥದಲ್ಲಿ: ಸುಲಭಕ್ಕೆ ಬೆರೆಯದವು, ಆದರೆ ಬೆರೆಯಲಾರದವು ಅಲ್ಲ. ಹಳೆಯ ಪುಸ್ತಕಗಳಲ್ಲಿ ಜಡಾನಿಲ ಎಂದಿದ್ದರೆ ಅದು 1962ಕ್ಕಿಂತ ಹಿಂದಿನ ತಿಳಿವಳಿಕೆಯಿಂದ ಬಂದ ಹೆಸರು ಎಂದು ಅಂಚಿನಲ್ಲಿ ಒಂದು ಗುರುತು ಹಾಕಿಕೊಂಡು ಓದಿ.